ನಾಯಿಯ ಹಿಂಗಾಲು ಸೋತಾಗ: ಅಪರೂಪದ ನರರೋಗವೊಂದರ ಪರಿಚಯ

ಶಿವಮೊಗ್ಗ: ಎಂಟು ಹತ್ತು ವರ್ಷ ಮನೆ ಕಾಯ್ದ ನಾಯಿ ಒಂದು ದಿನ ಜಗಲಿಯ ಮೆಟ್ಟಿಲು ಏರುವಾಗ ತಡವರಿಸುತ್ತದೆ. ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವ ಸದ್ದು ಕೇಳಿಬರುತ್ತದೆ. ತಿರುವಿನಲ್ಲಿ ಸೊಂಟ ಒಂದು ಕಡೆಗೆ ವಾಲುತ್ತದೆ. ಊಟ ಬಿಟ್ಟಿಲ್ಲ, ನೋವಿನಿಂದ ಕುಂಯ್ಗುಟ್ಟುವುದೂ ಇಲ್ಲ. ಯಜಮಾನನನ್ನು ಕಂಡರೆ ಎಂದಿನಂತೆ ಬಾಲ ಅಲ್ಲಾಡುತ್ತದೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದೇ ನಾಯಿ ಮುಂಗಾಲುಗಳ ಬಲದಿಂದ ದೇಹದ ಹಿಂಭಾಗವನ್ನು ಎಳೆದುಕೊಂಡು ಅಂಗಳ ದಾಟುವ ಸ್ಥಿತಿಗೆ ಬಂದಿರುತ್ತದೆ.

ಇಂತಹ ನಾಯಿಯನ್ನು ಕಂಡಾಗ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು 'ಸೊಂಟ ಬಿತ್ತು' ಅಥವಾ 'ಲಕ್ವ ಹೊಡೆಯಿತು' ಎಂಬುದು. ಅಲ್ಲಿಗೆ ಆ ನಾಯಿಯ ಕಥೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಕೆಲವರು ಮನೆಯಲ್ಲಿರುವ ನೋವಿನ ಮಾತ್ರೆ ನುಂಗಿಸಿ ಸುಮ್ಮನಾಗುತ್ತಾರೆ. ಕೆಲವರು ಊರಾಚೆ ಬಿಟ್ಟು ಬರುತ್ತಾರೆ.

ವಾಸ್ತವವಾಗಿ 'ಸೊಂಟ ಬೀಳುವುದು' ಒಂದು ರೋಗದ ಹೆಸರಲ್ಲ. ಅದು ಹಲವು ರೋಗಗಳಿಗೆ ಸಮಾನವಾದ ಒಂದು ಲಕ್ಷಣ ಮಾತ್ರ. ಅವುಗಳಲ್ಲಿ ಒಂದು, ಮದ್ದಿಲ್ಲದ ಅಪರೂಪದ ನರರೋಗ. ಇನ್ನು ಕೆಲವು, ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣವಾಗುವಂಥವು. ಮತ್ತೊಂದು, ನಾಯಿಗಷ್ಟೇ ಅಲ್ಲದೆ ಮನೆಮಂದಿಗೂ ಪ್ರಾಣಾಪಾಯ ತರುವಂಥದು. ಇವುಗಳ ನಡುವಿನ ವ್ಯತ್ಯಾಸ ತಿಳಿದಿರುವುದು ಶಿವಮೊಗ್ಗ, ಭದ್ರಾವತಿಗಳಲ್ಲಿ ನಾಯಿ ಸಾಕಿರುವ ಪ್ರತಿಯೊಬ್ಬರಿಗೂ ಅಗತ್ಯ.

ಏನಿದು ಡೀಜನರೇಟಿವ್ ಮೈಲೋಪತಿ?

ಮೇಲೆ ವಿವರಿಸಿದ ನಿಧಾನಗತಿಯ, ನೋವಿಲ್ಲದ ರೋಗಕ್ಕೆ ಪಶುವೈದ್ಯಕೀಯದಲ್ಲಿ 'ಡೀಜನರೇಟಿವ್ ಮೈಲೋಪತಿ' ಎಂದು ಹೆಸರು. ಬೆನ್ನುಹುರಿ ಕ್ರಮೇಣ ಶಿಥಿಲವಾಗುವ ರೋಗ ಎಂದು ಇದನ್ನು ಸರಳವಾಗಿ ಅರ್ಥೈಸಬಹುದು. 1973ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಮೊದಲ ಬಾರಿಗೆ ವಿವರಿಸಲಾಯಿತು. ಆರಂಭದಲ್ಲಿ ಹೆಚ್ಚಾಗಿ ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಕಂಡುಬಂದುದರಿಂದ ಬಹುಕಾಲ ಇದನ್ನು ಆ ತಳಿಯ ರೋಗವೆಂದೇ ಪರಿಗಣಿಸಲಾಗಿತ್ತು. ನಂತರ ಬಾಕ್ಸರ್, ಪೆಂಬ್ರೋಕ್ ವೆಲ್ಶ್ ಕೋರ್ಗಿ, ರೊಡೇಷಿಯನ್ ರಿಡ್ಜ್‌ಬ್ಯಾಕ್ ಮೊದಲಾದ ತಳಿಗಳಲ್ಲೂ ಪತ್ತೆಯಾಯಿತು.

ಮೆದುಳಿನಿಂದ ಹೊರಡುವ ಆದೇಶಗಳು ಕಾಲುಗಳನ್ನು ತಲುಪುವುದು ಬೆನ್ನುಹುರಿಯ ಮೂಲಕ. ಪಾದ ನೆಲದ ಮೇಲೆ ಹೇಗಿದೆ ಎಂಬ ಸುದ್ದಿ ಮೆದುಳಿಗೆ ಮರಳುವುದೂ ಅದೇ ದಾರಿಯಲ್ಲಿ. ಬೆನ್ನುಹುರಿಯ ನರತಂತುಗಳ ಮೇಲೆ ವಿದ್ಯುತ್ ತಂತಿಗೆ ಸುತ್ತಿದ ಪ್ಲಾಸ್ಟಿಕ್ ಕವಚದಂತೆ ಮೈಲಿನ್ ಎಂಬ ಹೊದಿಕೆ ಇರುತ್ತದೆ. ಈ ರೋಗದಲ್ಲಿ, ಮುಖ್ಯವಾಗಿ ಎದೆಯ ಹಿಂಭಾಗದಲ್ಲಿ ಹಾದುಹೋಗುವ ಬೆನ್ನುಹುರಿಯಲ್ಲಿ, ನರತಂತುಗಳೂ ಅವುಗಳ ಹೊದಿಕೆಯೂ ನಶಿಸತೊಡಗುತ್ತವೆ. ಸುದ್ದಿ ಸಾಗುವ ದಾರಿಯೇ ಕಡಿದುಹೋಗುವುದರಿಂದ ಅದಕ್ಕಿಂತ ಕೆಳಗಿರುವ ಹಿಂಗಾಲುಗಳು ಮೊದಲು ಹಿಡಿತ ಕಳೆದುಕೊಳ್ಳುತ್ತವೆ. ಮುಂಗಾಲುಗಳು ಬಹುಕಾಲ ಚೆನ್ನಾಗಿಯೇ ಇರುತ್ತವೆ.

ಸಾಮಾನ್ಯವಾಗಿ ಎಂಟು ವರ್ಷ ದಾಟಿದ ನಾಯಿಗಳಲ್ಲಿ ಈ ರೋಗ ತಲೆದೋರುತ್ತದೆ. ಹೆಣ್ಣು, ಗಂಡು ಎಂಬ ಭೇದವಿಲ್ಲ.

ಹಂತ ಹಂತವಾಗಿ ಬಲಹೀನತೆ

ರೋಗದ ಮೊದಲ ಚಿಹ್ನೆ ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಹಿಂಗಾಲಿನ ನಡುವಿನ ಎರಡು ಉಗುರುಗಳು ಉಳಿದವುಗಳಿಗಿಂತ ಹೆಚ್ಚು ಸವೆದಿರುತ್ತವೆ. ಎರಡು ಕಾಲುಗಳ ಪೈಕಿ ಒಂದರಲ್ಲಿ ದೋಷ ಮೊದಲು ಕಾಣಿಸಿಕೊಳ್ಳಬಹುದು. ನಡೆಯುವಾಗ ಕಾಲುಗಳು ಒಂದನ್ನೊಂದು ಅಡ್ಡಹಾಯುತ್ತವೆ. ನಿಂತಿರುವಾಗ ಪಾದ ಮಡಚಿಕೊಂಡು ಮೇಲ್ಭಾಗ ನೆಲಕ್ಕೆ ತಾಗಿದ್ದರೂ ನಾಯಿಗೆ ಅದರ ಅರಿವಿರುವುದಿಲ್ಲ. ಆರೋಗ್ಯವಂತ ನಾಯಿಯ ಪಾದವನ್ನು ಹೀಗೆ ಮೆಲ್ಲನೆ ಮಡಚಿ ನೆಲಕ್ಕೆ ತಾಗಿಸಿದರೆ ಅದು ಕ್ಷಣಾರ್ಧದಲ್ಲಿ ಸರಿಪಡಿಸಿಕೊಳ್ಳುತ್ತದೆ. ರೋಗವಿರುವ ನಾಯಿ ಹಾಗೆಯೇ ನಿಂತಿರುತ್ತದೆ. ನರಗಳ ದೋಷವನ್ನು ಕೀಲುನೋವಿನಿಂದ ಪ್ರತ್ಯೇಕಿಸಲು ಪಶುವೈದ್ಯರು ಮಾಡುವ ಸರಳ ಪರೀಕ್ಷೆಗಳಲ್ಲಿ ಇದೂ ಒಂದು.

ಎರಡನೆಯ ಹಂತದಲ್ಲಿ ನಾಯಿಗೆ ಎದ್ದು ನಿಲ್ಲುವುದು ಕಷ್ಟವಾಗುತ್ತದೆ. ಲಕ್ಷಣ ಕಾಣಿಸಿಕೊಂಡ ಆರು ತಿಂಗಳಿಂದ ಒಂದು ವರ್ಷದೊಳಗೆ ದೊಡ್ಡ ತಳಿಯ ಬಹುತೇಕ ನಾಯಿಗಳು ಹಿಂಗಾಲಿನ ಮೇಲೆ ನಡೆಯಲಾರದ ಸ್ಥಿತಿ ತಲುಪುತ್ತವೆ. ಆನಂತರ ಸ್ನಾಯುಗಳು ಕರಗುತ್ತವೆ, ಮಲಮೂತ್ರಗಳ ಮೇಲಿನ ಹಿಡಿತ ತಪ್ಪುತ್ತದೆ. ಇನ್ನೂ ಬದುಕುಳಿದರೆ ಮುಂಗಾಲುಗಳೂ ಸೋಲುತ್ತವೆ. ಕೊನೆಗೆ ನುಂಗುವಿಕೆ, ಉಸಿರಾಟಗಳಿಗೂ ತೊಂದರೆಯಾಗುತ್ತದೆ.

ಇಷ್ಟೆಲ್ಲದರ ನಡುವೆಯೂ ಈ ರೋಗವೇ ನಾಯಿಗೆ ನೋವು ಕೊಡುವುದಿಲ್ಲ. ಈ ಒಂದು ಅಂಶ ರೋಗ ಗುರುತಿಸುವುದಕ್ಕೂ ನೆರವಾಗುತ್ತದೆ, ಆರೈಕೆಯ ತೀರ್ಮಾನಕ್ಕೂ ಆಧಾರವಾಗುತ್ತದೆ.

ಮನುಷ್ಯನ ಕಾಯಿಲೆಯ ನಂಟು

ಮೂರು ದಶಕಗಳಿಗೂ ಹೆಚ್ಚು ಕಾಲ ಈ ರೋಗದ ಕಾರಣ ನಿಗೂಢವಾಗಿಯೇ ಉಳಿದಿತ್ತು. 2009ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ ಮತ್ತು ಬ್ರಾಡ್ ಸಂಸ್ಥೆಯ ವಿಜ್ಞಾನಿಗಳು ಐದು ತಳಿಗಳ ನಾಯಿಗಳನ್ನು ಅಭ್ಯಸಿಸಿ, ಎಸ್‌ಒಡಿ-1 ಎಂಬ ವಂಶವಾಹಿಯಲ್ಲಿನ ಒಂದು ಸಣ್ಣ ಬದಲಾವಣೆಗೂ ಈ ರೋಗಕ್ಕೂ ಸಂಬಂಧವಿದೆ ಎಂದು ತೋರಿಸಿಕೊಟ್ಟರು. ಜೀವಕೋಶಗಳಲ್ಲಿ ಉತ್ಪತ್ತಿಯಾಗುವ ಹಾನಿಕಾರಕ ಆಮ್ಲಜನಕ ಕಣಗಳನ್ನು ನಿವಾರಿಸುವ ಪ್ರೋಟೀನೊಂದನ್ನು ತಯಾರಿಸುವುದು ಈ ವಂಶವಾಹಿಯ ಕೆಲಸ. ಬದಲಾವಣೆಗೊಂಡ ಪ್ರೋಟೀನು ನರಕೋಶಗಳಲ್ಲಿ ಗಂಟುಗಂಟಾಗಿ ಶೇಖರಗೊಳ್ಳುತ್ತದೆ.

ವಿಜ್ಞಾನಿಗಳ ಗಮನ ಸೆಳೆದ ಸಂಗತಿ ಇನ್ನೊಂದಿದೆ. ಮನುಷ್ಯರಲ್ಲಿ ಕೈಕಾಲುಗಳ ಸ್ನಾಯುಗಳನ್ನು ಕ್ರಮೇಣ ನಿಷ್ಕ್ರಿಯಗೊಳಿಸುವ ಎಎಲ್‌ಎಸ್ ಎಂಬ ನರರೋಗವಿದೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ದಶಕಗಳ ಕಾಲ ಗಾಲಿಕುರ್ಚಿಗೆ ಸೀಮಿತಗೊಳಿಸಿದ್ದು ಇದೇ ರೋಗ. ಎಎಲ್‌ಎಸ್‌ನ ಕೆಲವು ಪ್ರಕರಣಗಳಿಗೆ ಎಸ್‌ಒಡಿ-1 ವಂಶವಾಹಿಯ ದೋಷವೇ ಕಾರಣವೆಂಬುದು 1993ರಲ್ಲೇ ತಿಳಿದುಬಂದಿತ್ತು. ಹೀಗಾಗಿ ನಾಯಿಯ ಈ ರೋಗ ಮನುಷ್ಯರ ಕಾಯಿಲೆಯ ಅಧ್ಯಯನಕ್ಕೂ ದಾರಿದೀಪವಾಗಿದೆ. ಎಸ್‌ಒಡಿ-1 ದೋಷದಿಂದ ಬರುವ ಎಎಲ್‌ಎಸ್‌ಗೆ ಟೋಫರ್‌ಸೆನ್ ಎಂಬ ಔಷಧವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಅನುಮೋದಿಸಿತು. ನಾಯಿಗಳಿಗೆ ಅಂತಹ ಮದ್ದು ಇನ್ನೂ ಬಳಕೆಗೆ ಬಂದಿಲ್ಲ.

ಇದು ಅಂಟುರೋಗವಲ್ಲ. ರೋಗಪೀಡಿತ ನಾಯಿಯಿಂದ ಬೇರೆ ನಾಯಿಗಾಗಲಿ, ಮನೆಯವರಿಗಾಗಲಿ ಹರಡುವುದಿಲ್ಲ.

ಕುಣಿಯುವ ಡಾಬರ್‌ಮನ್

ಹಿಂಗಾಲಿಗೆ ಸಂಬಂಧಿಸಿದ ಇನ್ನೂ ಒಂದು ಅಪರೂಪದ ತೊಂದರೆ ಡಾಬರ್‌ಮನ್ ತಳಿಯಲ್ಲಿದೆ. 1990ರ ಸುಮಾರಿಗೆ ಪಶುವೈದ್ಯರು ಇದನ್ನು ವಿವರಿಸಿ, 'ಕುಣಿಯುವ ಡಾಬರ್‌ಮನ್ ರೋಗ' ಎಂಬ ಅರ್ಥದ ಹೆಸರಿಟ್ಟರು. ನಾಯಿ ನಿಂತಲ್ಲಿ ಮೊದಲು ಒಂದು ಹಿಂಗಾಲನ್ನು ಎತ್ತಿ ಮಡಚುತ್ತದೆ. ತಿಂಗಳುಗಳು ಕಳೆದಂತೆ ಇನ್ನೊಂದು ಕಾಲಿಗೂ ಅದೇ ಅಭ್ಯಾಸ ಅಂಟಿಕೊಳ್ಳುತ್ತದೆ. ಎರಡು ಕಾಲುಗಳನ್ನು ಸರದಿಯಂತೆ ಎತ್ತಿ ಇಳಿಸುವುದರಿಂದ ನೋಡುವವರಿಗೆ ಕುಣಿದಂತೆ ಕಾಣುತ್ತದೆ. ನಿಲ್ಲುವುದಕ್ಕಿಂತ ಕುಳಿತುಕೊಳ್ಳುವುದೇ ಅದಕ್ಕೆ ಹಿತ. ಹಿಂಗಾಲಿನ ಮೀನಖಂಡದ ಸ್ನಾಯು ಹಾಗೂ ಅದಕ್ಕೆ ಸಂಬಂಧಿಸಿದ ನರಗಳಲ್ಲಿ ದೋಷವಿರುತ್ತದೆ ಎನ್ನಲಾಗಿದೆ. ಇದಕ್ಕೂ ನಿರ್ದಿಷ್ಟ ಚಿಕಿತ್ಸೆಯಿಲ್ಲ. ಆದರೆ ನೋವಿಲ್ಲದ, ಅತಿ ನಿಧಾನವಾಗಿ ಸಾಗುವ ತೊಂದರೆಯಾದ್ದರಿಂದ ಇಂತಹ ನಾಯಿಗಳು ವರ್ಷಗಟ್ಟಲೆ ಸಹಜವಾಗಿ ಬಾಳಬಲ್ಲವು. ಡಾಬರ್‌ಮನ್ ಕಾಲೆತ್ತಿ ನಿಂತ ಮಾತ್ರಕ್ಕೆ ಅದರ ಬಾಳು ಮುಗಿಯಿತೆಂದು ಎದೆಗುಂದಬೇಕಾಗಿಲ್ಲ.

ಎಲ್ಲ ಸೋತ ಕಾಲೂ ಈ ರೋಗವಲ್ಲ

ಮೇಲಿನ ಎರಡೂ ಅಪರೂಪದ ರೋಗಗಳು. ಹಿಂಗಾಲು ಸೋತ ನಾಯಿಯಲ್ಲಿ ಮೊದಲು ಸಂಶಯಿಸಬೇಕಾದದ್ದು ಸಾಮಾನ್ಯ ಕಾರಣಗಳನ್ನು. ಮಾಲೀಕರು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಮೂರು: ತೊಂದರೆ ಏಕಾಏಕಿ ಬಂತೇ ಅಥವಾ ನಿಧಾನವಾಗಿ ಬಂತೇ? ನೋವಿದೆಯೇ? ನಾಯಿಯ ವಯಸ್ಸೆಷ್ಟು?

ಏಕಾಏಕಿ ಬಂದು, ಬೆನ್ನು ಮುಟ್ಟಿದರೆ ನಾಯಿ ಕಿರುಚಿದರೆ ಬೆನ್ನುಮೂಳೆಯ ಡಿಸ್ಕ್ ಜಾರಿರುವ ಸಾಧ್ಯತೆ ಹೆಚ್ಚು. ಉದ್ದ ಬೆನ್ನು, ಗಿಡ್ಡ ಕಾಲಿನ ಡ್ಯಾಷ್‌ಹಂಡ್ ತಳಿಯಲ್ಲಿ ಇದು ಬಹಳ ಸಾಮಾನ್ಯ. ನಡುವಯಸ್ಸಿನಲ್ಲೇ, ಅಂದರೆ ಮೂರರಿಂದ ಏಳು ವರ್ಷದೊಳಗೆ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸೋಫಾದಿಂದ ಹಾರಿದ ಮರುಗಳಿಗೆಯಲ್ಲೇ ಕಾಲು ಬಿದ್ದುಹೋಗಬಹುದು. ಇಲ್ಲಿ ಪ್ರತಿ ಗಂಟೆಯೂ ಮುಖ್ಯ. ಕಾಲು ಅಲುಗಾಡದಿದ್ದರೂ ಬೆರಳ ಮೂಳೆಯನ್ನು ಬಲವಾಗಿ ಒತ್ತಿದಾಗ ನಾಯಿಗೆ ನೋವು ತಿಳಿಯುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಆ ಅರಿವೂ ಹೋಗಿದ್ದರೆ ಈ ಪ್ರಮಾಣ ಅರ್ಧದಷ್ಟಕ್ಕೆ ಇಳಿಯುತ್ತದೆ. ಈ ಪರೀಕ್ಷೆಯನ್ನು ಪಶುವೈದ್ಯರೇ ಮಾಡಬೇಕು. ಸೌಮ್ಯ ಪ್ರಕರಣಗಳಲ್ಲಿ ನಾಲ್ಕರಿಂದ ಆರು ವಾರ ಕಟ್ಟುನಿಟ್ಟಾಗಿ ಗೂಡಿನಲ್ಲಿಟ್ಟು ವಿಶ್ರಾಂತಿ ಕೊಡುವುದರಿಂದಲೇ ಗುಣವಾಗುವುದುಂಟು.

ಮರಿ ಅಥವಾ ಎಳೆಯ ನಾಯಿಯಲ್ಲಿ ಜ್ವರ, ಕಣ್ಣು ಮೂಗುಗಳಲ್ಲಿ ಸ್ರಾವ, ಭೇದಿ ಬಂದು ಹೋದ ಕೆಲ ವಾರಗಳ ಬಳಿಕ ಹಿಂಗಾಲು ಸೋತರೆ, ಸ್ನಾಯುಗಳು ತಾಳಬದ್ಧವಾಗಿ ಅದುರಿದರೆ ಅದು ಡಿಸ್ಟೆಂಪರ್ ವೈರಾಣುವಿನ ಹಾವಳಿಯಾಗಿರಬಹುದು. ಆರರಿಂದ ಎಂಟು ವಾರದ ಮರಿಗೆ ಲಸಿಕೆ ಆರಂಭಿಸಿ, ಪುನರಾವರ್ತಿತ ಡೋಸ್‌ಗಳನ್ನು ತಪ್ಪದೆ ಹಾಕಿಸಿದರೆ ಈ ರೋಗವನ್ನು ತಡೆಯಬಹುದು.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡದಿರುವ ಹಿಪ್ ಡಿಸ್‌ಪ್ಲಾಸಿಯಾ ಸಾಮಾನ್ಯ. ಎದ್ದೇಳುವಾಗ ನೋವು, ಮೊಲದಂತೆ ಎರಡೂ ಕಾಲು ಒಟ್ಟಿಗೆ ಇಟ್ಟು ಓಡುವುದು ಇದರ ಗುರುತು. ಇದು ಕೀಲಿನ ತೊಂದರೆ, ನರದ್ದಲ್ಲ. ನೋವು ತಗ್ಗಿಸುವ ಚಿಕಿತ್ಸೆ ಇದಕ್ಕಿದೆ.

ಮಲೆನಾಡಿನಲ್ಲಿ ಇನ್ನೆರಡು ಕಾರಣಗಳನ್ನು ಮರೆಯುವಂತಿಲ್ಲ. ಮೊದಲನೆಯದು ಉಣ್ಣೆ. ನಾಯಿಯ ರಕ್ತ ಹೀರುವ ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ಮುಂತಾದ ಸೋಂಕುಗಳಲ್ಲಿ ಜ್ವರ, ಮೂಗಿನಲ್ಲಿ ರಕ್ತ, ನಿಶ್ಶಕ್ತಿಗಳ ಜತೆಗೆ ಹಿಂಗಾಲಿನ ಬಲಹೀನತೆಯೂ ಕಾಣಿಸಬಹುದು. ರಕ್ತಪರೀಕ್ಷೆಯಿಂದ ಪತ್ತೆಹಚ್ಚಿ ಸೂಕ್ತ ಔಷಧ ಕೊಟ್ಟರೆ ಚೇತರಿಕೆ ಸಾಧ್ಯ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಹರಡುವುದಾದರೂ ಅದು ಬೇರೆಯೇ ರೋಗ. ನಾಯಿಯ ಕಾಲು ಸೋತುದಕ್ಕೂ ಮಂಗನ ಕಾಯಿಲೆಗೂ ನಂಟು ಕಲ್ಪಿಸಿ ಗಾಬರಿಯಾಗಬೇಕಿಲ್ಲ.

ಎರಡನೆಯದು ಹಾವು. ಅಡಕೆ ತೋಟದ ಮನೆಯ ನಾಯಿ ರಾತ್ರಿ ಚೆನ್ನಾಗಿದ್ದು ಬೆಳಗಿನ ಹೊತ್ತಿಗೆ ಕಾಲು ಎತ್ತಲಾರದೆ, ರೆಪ್ಪೆ ಜೋತು, ಜೊಲ್ಲು ಸುರಿಸುತ್ತ ಉಸಿರಿಗೆ ಕಷ್ಟಪಡುತ್ತಿದ್ದರೆ ನಾಗರಹಾವಿನಂತಹ ವಿಷಸರ್ಪದ ಕಡಿತವನ್ನು ಶಂಕಿಸಬೇಕು. ವಿಷನಿರೋಧಕ ಚುಚ್ಚುಮದ್ದಿನ ಹೊರತು ಬೇರೆ ದಾರಿಯಿಲ್ಲ. ತಡಮಾಡುವಂತಿಲ್ಲ.

ವಾಹನ ಡಿಕ್ಕಿಯಿಂದ ಬೆನ್ನುಮೂಳೆ ಮುರಿಯುವುದಂತೂ ಬಿ.ಎಚ್. ರಸ್ತೆಯಂತಹ ದಟ್ಟಣೆಯ ರಸ್ತೆಗಳ ಅಕ್ಕಪಕ್ಕದ ಬೀದಿನಾಯಿಗಳಿಗೆ ನಿತ್ಯದ ಅಪಾಯ. ಇಂತಹ ನಾಯಿಯನ್ನು ಕಾಲು ಹಿಡಿದು ಎತ್ತಬಾರದು. ಅಗಲವಾದ ಹಲಗೆಯ ಮೇಲೆ ಅಥವಾ ಬಿಗಿಯಾಗಿ ಹಿಡಿದ ಬೆಡ್‌ಶೀಟಿನ ಮೇಲೆ ಮೆಲ್ಲನೆ ಸರಿಸಿ, ಬೆನ್ನು ಬಾಗದಂತೆ ಸಾಗಿಸಬೇಕು. ನೋವಿನಲ್ಲಿರುವ ನಾಯಿ ತನ್ನವರನ್ನೂ ಕಚ್ಚಬಹುದಾದ್ದರಿಂದ ಎಚ್ಚರಿಕೆ ಅಗತ್ಯ.

ರೇಬಿಸ್: ಮೊದಲು ನೆನಪಿಡಬೇಕಾದ ಅಪಾಯ

ರೇಬಿಸ್ ಎಂದೊಡನೆ ಸಿಕ್ಕಸಿಕ್ಕವರನ್ನು ಕಚ್ಚುತ್ತ ಓಡುವ ಹುಚ್ಚುನಾಯಿಯ ಚಿತ್ರವೇ ಕಣ್ಣೆದುರು ಬರುತ್ತದೆ. ಆದರೆ ರೇಬಿಸ್‌ಗೆ ಇನ್ನೊಂದು ರೂಪವೂ ಇದೆ. ಅದರಲ್ಲಿ ನಾಯಿ ಯಾರ ಮೇಲೂ ಎರಗದೆ ಮೂಲೆ ಸೇರುತ್ತದೆ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಧ್ವನಿ ಬದಲಾಗುತ್ತದೆ, ಹಿಂಗಾಲು ಸೋಲುತ್ತದೆ. ಪಾರ್ಶ್ವವಾಯು ಕೆಲವೇ ದಿನಗಳಲ್ಲಿ ಇಡೀ ದೇಹಕ್ಕೆ ವ್ಯಾಪಿಸಿ, ಲಕ್ಷಣ ಕಾಣಿಸಿದ ಹತ್ತು ದಿನದೊಳಗೆ ನಾಯಿ ಸಾಯುತ್ತದೆ.

ಇಲ್ಲಿಯೇ ಅನೇಕರು ಮೋಸಹೋಗುವುದು. ಬಾಯಿ ಮುಚ್ಚಲಾಗದ ನಾಯಿಯನ್ನು ಕಂಡು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈಹಾಕುತ್ತಾರೆ. ನೀರು ಕುಡಿಸಲು ಹೋಗಿ ಜೊಲ್ಲನ್ನು ಕೈಗೆ ಮೆತ್ತಿಕೊಳ್ಳುತ್ತಾರೆ. ರೇಬಿಸ್ ವೈರಾಣು ಇರುವುದು ಆ ಜೊಲ್ಲಿನಲ್ಲೇ. ಲಸಿಕೆ ಹಾಕಿಸಿರದ ಅಥವಾ ಲಸಿಕೆಯ ವಿವರ ತಿಳಿಯದ ನಾಯಿ, ಅದರಲ್ಲೂ ಇತ್ತೀಚೆಗೆ ಬೇರೆ ನಾಯಿಯಿಂದ ಕಚ್ಚಿಸಿಕೊಂಡ ನಾಯಿ, ದಿನದಿಂದ ದಿನಕ್ಕೆ ಸೋಲುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ, ಮಕ್ಕಳಿಂದ ದೂರವಿರಿಸಿ ಪಶುವೈದ್ಯರಿಗೆ ತಿಳಿಸಬೇಕು.

ಕಚ್ಚಿದ್ದರೆ ಅಥವಾ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ಜೊಲ್ಲು ತಾಗಿದ್ದರೆ ಆ ಭಾಗವನ್ನು ಕೂಡಲೇ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಗಾಯವಾದರೆ ಸೋಪು ಬಳಸಬೇಕು. ಕಣ್ಣು, ಬಾಯಿಗಳಿಗೆ ಬರೀ ನೀರು ಸಾಕು. ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು, ವೈದ್ಯರು ಹೇಳಿದಷ್ಟೂ ಡೋಸ್‌ಗಳನ್ನು ಪೂರ್ಣಗೊಳಿಸಬೇಕು. ಲಕ್ಷಣಗಳು ಆರಂಭವಾದ ಮೇಲೆ ರೇಬಿಸ್‌ನಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ನಿಧಾನಗತಿಯ ಡೀಜನರೇಟಿವ್ ಮೈಲೋಪತಿಗೂ ರೇಬಿಸ್‌ಗೂ ಇರುವ ವ್ಯತ್ಯಾಸ ಕಾಲಮಾನದಲ್ಲಿದೆ. ಮೊದಲನೆಯದಕ್ಕೆ ತಿಂಗಳುಗಳು, ಎರಡನೆಯದಕ್ಕೆ ದಿನಗಳು.

ರೋಗಪತ್ತೆ ಹೇಗೆ?

ಡೀಜನರೇಟಿವ್ ಮೈಲೋಪತಿಯನ್ನು ಜೀವಂತ ನಾಯಿಯಲ್ಲಿ ಖಚಿತವಾಗಿ ಸಾಬೀತುಪಡಿಸುವ ಪರೀಕ್ಷೆಯಿಲ್ಲ. ನಾಯಿ ಸತ್ತ ನಂತರ ಬೆನ್ನುಹುರಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲಷ್ಟೇ ಅಂತಿಮ ನಿರ್ಣಯ ಸಾಧ್ಯ. ಆದ್ದರಿಂದ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಬಂದು, ಕೊನೆಗೆ ಉಳಿದದ್ದು ಇದು ಎಂದು ಪಶುವೈದ್ಯರು ತೀರ್ಮಾನಿಸುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಬೆನ್ನುಹುರಿ ಕಾಣುವುದಿಲ್ಲ. ಎಂಆರ್‌ಐ ಮಾಡಿದರೆ ಡಿಸ್ಕ್ ಜಾರಿರುವುದು, ಗಡ್ಡೆ ಮೊದಲಾದವು ಗೊತ್ತಾಗುತ್ತವೆ. ಅವು ಇಲ್ಲವೆಂದಾದರೆ ಈ ರೋಗದ ಸಂಶಯ ಬಲವಾಗುತ್ತದೆ. ಪ್ರಾಣಿಗಳಿಗೆ ಎಂಆರ್‌ಐ ಸೌಲಭ್ಯ ದೊಡ್ಡ ನಗರಗಳಿಗೇ ಸೀಮಿತವಾಗಿರುವುದರಿಂದ ಎಲ್ಲರಿಗೂ ಅದು ಕೈಗೆಟಕದು. ಆದರೆ ವಿವರವಾದ ನರಪರೀಕ್ಷೆ, ರಕ್ತಪರೀಕ್ಷೆ, ಎಕ್ಸ್‌ರೇಗಳಿಂದಲೇ ಗುಣವಾಗಬಲ್ಲ ಅನೇಕ ಕಾರಣಗಳನ್ನು ಕಂಡುಹಿಡಿಯಬಹುದು.

ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದು ಈ ಭಾಗದ ಜನರಿಗೆ ಒಂದು ಅನುಕೂಲ. ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಈ ಮಹಾವಿದ್ಯಾಲಯಕ್ಕೆ ಚಿಕಿತ್ಸಾ ವಿಭಾಗವೂ ಇದೆ. ಭದ್ರಾವತಿಯವರು ಮೊದಲು ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿ, ವೈದ್ಯರು ಸೂಚಿಸಿದಲ್ಲಿ ಸುಮಾರು 20 ಕಿ.ಮೀ. ದೂರದ ಶಿವಮೊಗ್ಗಕ್ಕೆ ಕರೆತರಬಹುದು. ಹೋಗುವಾಗ ನಾಯಿ ನಡೆಯುವ ರೀತಿಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡು, ಲಸಿಕೆ ಪುಸ್ತಕವನ್ನು ಜತೆಗೊಯ್ದರೆ ವೈದ್ಯರಿಗೆ ನೆರವಾಗುತ್ತದೆ.

ಒಂದು ಮಾತು ಕಡ್ಡಾಯವಾಗಿ ನೆನಪಿರಲಿ. ಮನುಷ್ಯರು ನುಂಗುವ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂತಹ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡಿ ಮೂತ್ರಪಿಂಡಗಳನ್ನೂ ಕೆಡಿಸಬಲ್ಲವು. ಕಾಲು ಸೋತ ನಾಯಿಯನ್ನು ಉಳಿಸಲು ಹೋಗಿ ಮಾತ್ರೆಯಿಂದಲೇ ಕಳೆದುಕೊಂಡಂತಾದೀತು.

ವ್ಯಾಯಾಮವೇ ಔಷಧ

ಡೀಜನರೇಟಿವ್ ಮೈಲೋಪತಿಯನ್ನು ಗುಣಪಡಿಸುವ ಔಷಧವಿಲ್ಲ. ಸ್ಟಿರಾಯ್ಡ್‌ಗಳಾಗಲಿ, ವಿಟಮಿನ್‌ಗಳಾಗಲಿ ರೋಗದ ಓಟವನ್ನು ತಡೆದ ಪುರಾವೆ ಇಲ್ಲ. ಆದರೆ ಭರವಸೆ ನೀಡುವ ಒಂದು ಅಧ್ಯಯನವಿದೆ. ಸ್ವಿಟ್ಜರ್‌ಲೆಂಡ್‌ನ ಪಶುವೈದ್ಯರು ಈ ರೋಗವಿದೆಯೆಂದು ಶಂಕಿಸಲಾದ 22 ನಾಯಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನವೂ ತೀವ್ರ ಫಿಸಿಯೋಥೆರಪಿ ಪಡೆದ ನಾಯಿಗಳು ಸರಾಸರಿ 255 ದಿನ ಬದುಕಿದವು. ಸಾಧಾರಣ ಪ್ರಮಾಣದಲ್ಲಿ ಪಡೆದವು 130 ದಿನ, ಏನೂ ಪಡೆಯದವು ಕೇವಲ 55 ದಿನ. ಅಧ್ಯಯನ ಸಣ್ಣದೇ ಆದರೂ ಮನೆಯವರ ಕೈಯಲ್ಲೇ ಇರುವ ಉಪಾಯದ ಬೆಲೆಯನ್ನು ಅದು ಎತ್ತಿ ತೋರಿಸುತ್ತದೆ.

ಇದಕ್ಕೆ ದುಬಾರಿ ಸಾಧನಗಳೇನೂ ಬೇಕಿಲ್ಲ. ದಿನಕ್ಕೆ ನಾಲ್ಕೈದು ಬಾರಿ ಐದರಿಂದ ಹತ್ತು ನಿಮಿಷ ನಿಧಾನವಾಗಿ ನಡೆಸುವುದು, ಮಲಗಿದ್ದಾಗ ಹಿಂಗಾಲಿನ ಪ್ರತಿಯೊಂದು ಕೀಲನ್ನೂ ಮೆಲ್ಲನೆ ಮಡಚಿ ಬಿಡಿಸುವುದು, ತೊಡೆಯ ಸ್ನಾಯುಗಳನ್ನು ನೀವುವುದು ಇಷ್ಟೇ ಸಾಕು. ಮೊದಲ ಬಾರಿ ಪಶುವೈದ್ಯರಿಂದ ಕಲಿತು ಮಾಡುವುದು ಒಳಿತು. ಆದರೆ ಡಿಸ್ಕ್ ಜಾರಿದ ನಾಯಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಸಂಪೂರ್ಣ ವಿಶ್ರಾಂತಿ. ರೋಗ ಯಾವುದೆಂದು ತಿಳಿಯದೆ ವ್ಯಾಯಾಮ ಮಾಡಿಸುವುದು ಅಪಾಯಕಾರಿ.

ನೀರಿನಲ್ಲಿ ನಡೆಸುವುದೂ ಸ್ನಾಯುಗಳಿಗೆ ಹಿತವೇ. ಹಾಗೆಂದು ಸೊಂಟದ ಬಲವಿಲ್ಲದ ನಾಯಿಯನ್ನು ತುಂಗೆಗೋ ಭದ್ರಾ ನಾಲೆಗೋ ಇಳಿಸುವುದು ಸಲ್ಲದು. ಸೆಳೆತಕ್ಕೆ ಅದು ನಿಲ್ಲಲಾರದು.

ಮಲೆನಾಡ ಮನೆಯಲ್ಲಿ ಆರೈಕೆ

ನಯವಾದ ಗ್ರಾನೈಟ್, ಟೈಲ್ಸ್, ರೆಡ್ ಆಕ್ಸೈಡ್ ನೆಲಗಳು ಕಾಲು ಸೋತ ನಾಯಿಗೆ ಶತ್ರು. ಅದು ಓಡಾಡುವ ದಾರಿಯಲ್ಲಿ ರಬ್ಬರ್ ಮ್ಯಾಟ್, ತೆಂಗಿನ ನಾರಿನ ಮ್ಯಾಟ್ ಅಥವಾ ಗೋಣಿಚೀಲ ಹಾಸಿದರೆ ಕಾಲಿಗೆ ಹಿಡಿತ ಸಿಗುತ್ತದೆ. ಉದ್ದನೆಯ ಟವೆಲನ್ನು ಅಥವಾ ಹಳೆಯ ಪಂಚೆಯನ್ನು ಹೊಟ್ಟೆಯ ಹಿಂಭಾಗದ ಅಡಿಯಲ್ಲಿ ತೂರಿಸಿ ಎರಡೂ ತುದಿ ಹಿಡಿದು ಸೊಂಟಕ್ಕೆ ಆಸರೆ ಕೊಟ್ಟು ನಡೆಸಬಹುದು. ಪಾದ ಉಜ್ಜಿ ಗಾಯವಾಗದಂತೆ ಕಾಲುಚೀಲ ತೊಡಿಸಬಹುದು. ಉಗುರನ್ನು ಆಗಾಗ ಕತ್ತರಿಸುತ್ತಿರಬೇಕು. ತೂಕ ಹೆಚ್ಚಿದಷ್ಟೂ ಮುಂಗಾಲುಗಳಿಗೆ ಹೊರೆಯಾಗುವುದರಿಂದ ಆಹಾರ ಮಿತವಾಗಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಹೆಚ್ಚು ಜಾಗರೂಕತೆ ಬೇಡುವ ಕಾಲ. ಒದ್ದೆ ನೆಲದಲ್ಲಿ ಒಂದೇ ಮಗ್ಗುಲಲ್ಲಿ ಮಲಗುವ ನಾಯಿಗೆ ಬೇಗ ಹುಣ್ಣಾಗುತ್ತದೆ, ನೊಣ ಕೂತು ಗಾಯದಲ್ಲಿ ಹುಳು ಬೀಳುತ್ತದೆ. ಮಲಗುವ ಜಾಗ ಒಣಗಿದ್ದು ಮೆತ್ತಗಿರಬೇಕು. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂತ್ರ ತಾಗಿದ ಚರ್ಮವನ್ನು ತೊಳೆದು ಒರೆಸಬೇಕು. ಮೂತ್ರಕೋಶ ಪೂರ್ಣ ಖಾಲಿಯಾಗದಿದ್ದರೆ ಸೋಂಕು ತಗಲುತ್ತದೆ. ಮೂತ್ರಕ್ಕೆ ವಾಸನೆ, ಬಣ್ಣದ ಬದಲಾವಣೆ ಕಂಡರೆ ವೈದ್ಯರಿಗೆ ತೋರಿಸಬೇಕು.

ಹಿಂಗಾಲಿಗೆ ಬದಲಾಗಿ ಎರಡು ಚಕ್ರ ಜೋಡಿಸಿದ ಗಾಡಿ ಕಟ್ಟಿದರೆ ಅನೇಕ ನಾಯಿಗಳು ಮತ್ತೆ ಅಂಗಳ ಸುತ್ತುತ್ತವೆ. ಪಿವಿಸಿ ಪೈಪು, ಹಗುರ ಚಕ್ರಗಳಿಂದ ಇದನ್ನು ಊರಿನಲ್ಲೇ ಮಾಡಿಸಬಹುದು. ಅಳತೆ ತಪ್ಪಿದರೆ ಬೆನ್ನಿಗೆ ಪೆಟ್ಟಾಗುವುದರಿಂದ ವೈದ್ಯರ ಸಲಹೆ ಪಡೆದು ಮಾಡಿಸುವುದು ಲೇಸು.

ಮರಿ ಕೊಳ್ಳುವ ಮುನ್ನ

ಎಸ್‌ಒಡಿ-1 ವಂಶವಾಹಿಯ ಈ ದೋಷ ನೂರಕ್ಕೂ ಹೆಚ್ಚು ತಳಿಗಳಲ್ಲಿ ಪತ್ತೆಯಾಗಿದೆ. ರೋಗ ಬರಬೇಕಾದರೆ ಸಾಮಾನ್ಯವಾಗಿ ತಂದೆ, ತಾಯಿ ಎರಡೂ ಕಡೆಯಿಂದ ದೋಷಯುಕ್ತ ಪ್ರತಿ ಮರಿಗೆ ಬಂದಿರಬೇಕು. ಒಂದೇ ದೋಷಯುಕ್ತ ಪ್ರತಿ ಇರುವ ನಾಯಿ ತಾನು ಆರೋಗ್ಯವಾಗಿದ್ದು ಮರಿಗಳಿಗೆ ಅದನ್ನು ದಾಟಿಸುತ್ತದೆ. ಇಂತಹ ಎರಡು ನಾಯಿಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಅಪಾಯದ ಸಾಧ್ಯತೆ ನಾಲ್ಕರಲ್ಲಿ ಒಂದು. ದೋಷವಿಲ್ಲದ ನಾಯಿಯೊಂದಿಗೆ ಕೂಡಿಸಿದರೆ ಯಾವ ಮರಿಗೂ ಎರಡು ದೋಷಯುಕ್ತ ಪ್ರತಿಗಳು ಸಿಗವು. ಎರಡು ಪ್ರತಿಗಳಿದ್ದ ನಾಯಿಗಳಿಗೆಲ್ಲ ರೋಗ ಬಂದೇ ತೀರುತ್ತದೆ ಎಂದೂ ಇಲ್ಲ.

ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯಿಂದಲೋ ರಕ್ತದಿಂದಲೋ ಈ ದೋಷವನ್ನು ಪತ್ತೆಮಾಡಬಹುದು. ರೋಗ ತಲೆದೋರುವುದು ಎಂಟು ವರ್ಷದ ನಂತರ. ಅಷ್ಟರಲ್ಲಿ ನಾಯಿ ಹಲವು ಬಾರಿ ಮರಿ ಹಾಕಿರುತ್ತದೆ. ಆದ್ದರಿಂದ ಮರಿ ಮಾಡಿಸುವ ಮೊದಲೇ ಪರೀಕ್ಷಿಸುವುದೊಂದೇ ಈ ರೋಗವನ್ನು ಮುಂದಿನ ತಲೆಮಾರಿಗೆ ದಾಟದಂತೆ ತಡೆಯುವ ಮಾರ್ಗ. ಸಾವಿರಾರು ರೂಪಾಯಿ ತೆತ್ತು ಜರ್ಮನ್ ಶೆಫರ್ಡ್ ಮರಿ ಕೊಳ್ಳುವವರು ತಂದೆತಾಯಿ ನಾಯಿಗಳ ಆರೋಗ್ಯದ ಬಗ್ಗೆ ಒಂದು ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ.

ಬಿಟ್ಟುಬರುವುದು ಪರಿಹಾರವಲ್ಲ

ನಡೆಯಲಾರದ ನಾಯಿಯನ್ನು ಊರಾಚೆ ಬಿಟ್ಟುಬರುವುದು ನಿರ್ದಯವೂ ಹೌದು, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಬೀದಿಯಲ್ಲಿ ಅಂತಹ ನಾಯಿ ಹಸಿವಿನಿಂದಲೋ, ಇತರ ನಾಯಿಗಳ ದಾಳಿಯಿಂದಲೋ ನರಳಿ ಸಾಯುತ್ತದೆ. ಬೀದಿನಾಯಿಗಳ ಸ್ಥಿತಿ ಈ ಭಾಗದಲ್ಲಿ ಎಷ್ಟು ದಾರುಣವಾಗಬಲ್ಲದು ಎಂಬುದಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಹೂಳಲಾಗಿದೆ ಎಂಬ ಆರೋಪದ ಪ್ರಕರಣವೇ ಸಾಕ್ಷಿ. ಸಾಕಿದವರು ಕೈಬಿಟ್ಟ ನಾಯಿ ಸೇರುವುದು ಇದೇ ಬೀದಿಯನ್ನು.

ರೋಗ ಉಲ್ಬಣಿಸಿ, ನಾಯಿ ತಲೆ ಎತ್ತಲಾರದೆ, ಆಹಾರ ನುಂಗಲಾರದೆ, ಹುಣ್ಣುಗಳಿಂದ ಬಳಲುವ ಹಂತ ಬಂದರೆ ಪಶುವೈದ್ಯರ ನೆರವಿನಿಂದ ನೋವಿಲ್ಲದ ಸಾವು ಕೊಡಿಸುವುದು ಕರುಣೆಯ ಮಾರ್ಗವೇ. ಅರಿವಳಿಕೆ ಔಷಧದಿಂದ ನಿದ್ದೆ ಬರಿಸಿ ಉಸಿರು ನಿಲ್ಲುವಂತೆ ಮಾಡುವ ಈ ಕ್ರಮವನ್ನು ಅರ್ಹ ಪಶುವೈದ್ಯರೇ ಕೈಗೊಳ್ಳಬೇಕು. ಆ ತೀರ್ಮಾನ ಕಾಲು ಸೋತ ಮೊದಲ ದಿನದ್ದಾಗಬಾರದು. ನಾಯಿ ಹಸಿವಿನಿಂದ ತಟ್ಟೆಯತ್ತ ನೋಡುತ್ತಿದೆಯೇ, ಮನೆಯವರನ್ನು ಕಂಡು ಕಿವಿ ನಿಮಿರಿಸುತ್ತಿದೆಯೇ, ರಾತ್ರಿ ಶಾಂತವಾಗಿ ನಿದ್ರಿಸುತ್ತಿದೆಯೇ ಎಂಬುದನ್ನು ಗಮನಿಸಿ ನಿರ್ಧರಿಸಬೇಕು.

ಹಿಂಗಾಲು ಸೋತ ನಾಯಿಗೆ ಮೊದಲು ಬೇಕಾದದ್ದು ರೋಗದ ಸರಿಯಾದ ಹೆಸರು. ದಿನಗಳಲ್ಲಿ ಉಲ್ಬಣಿಸಿದರೆ ರೇಬಿಸ್‌ನ ಎಚ್ಚರ, ಏಕಾಏಕಿ ನೋವಿನೊಂದಿಗೆ ಬಂದರೆ ಅದೇ ದಿನ ಪಶುವೈದ್ಯರ ಭೇಟಿ, ತಿಂಗಳುಗಳ ಕಾಲ ನೋವಿಲ್ಲದೆ ಸೋತರೆ ತಾಳ್ಮೆಯ ಆರೈಕೆ. ಈ ಮೂರನ್ನು ನೆನಪಿಟ್ಟುಕೊಂಡರೆ 'ಸೊಂಟ ಬಿತ್ತು' ಎಂಬ ಒಂದೇ ಮಾತಿಗೆ ಬಲಿಯಾಗುವ ಹಲವು ನಾಯಿಗಳು ಉಳಿದಾವು.